ತೋಳನ ಸೀಮೆಯ ಮಂದೆಗಾವಲು

ನಾಯಿಯ ಕೆಲಸವೆಂದರೆ ಕಳ್ಳನನ್ನು ಕಂಡು ಬೊಗಳುವುದು, ಉಳಿದ ಹೊತ್ತು ಜಗಲಿಯ ಕೆಳಗೆ ಮಲಗುವುದು ಎಂದು ಅನೇಕ ಗೃಹಸ್ಥರ ಎಣಿಕೆ. ಪಣಿಗಳು ಬಚ್ಚಿಟ್ಟ ಗೋವುಗಳನ್ನು ಇಂದ್ರನಿಗಾಗಿ ಅರಸಿಕೊಟ್ಟ ಸರಮೆಯನ್ನು ಅವರು ಮರೆತಿರುವರು. ಪೋರ್ತುಗಲ್ ದೇಶದ ಉತ್ತರದ ಅಂಚಿನಲ್ಲಿ, ಪೆನೇಡಾ ಪರ್ವತದ ಮೇಲೆ, ಕಾಸ್ತ್ರೊ ಲಬೊರೈರೊ ಎಂಬ ಗ್ರಾಮವಿದೆ. ಆ ಗ್ರಾಮದ ಹೆಸರನ್ನೇ ಹೊತ್ತ, ಈಗ ವಿರಳವಾಗಿರುವ ನಾಯಿಯ ತಳಿಯೊಂದು ಸರಮೆಯ ಕುಲಕ್ಕೆ ಸೇರಲು ತಕ್ಕುದೆಂದು ನಮಗೆ ತೋರುತ್ತದೆ.

ಎತ್ತರ ಸುಮಾರು 60 ಸೆಂಟಿಮೀಟರು. ಕಪ್ಪು, ಬೂದು, ಕಂದು ಬೆರೆತ ಅದರ ಮೈಬಣ್ಣವನ್ನು ಅಲ್ಲಿಯವರು ಬೆಟ್ಟದ ಬಣ್ಣವೆನ್ನುವರು. ದೂರದಿಂದ ನೋಡಿದವನಿಗೆ ತೋಳವೇ ನಿಂತಂತೆ ಕಾಣುವುದು. ಅದರ ಬೊಗಳು ಮಂದ್ರದಲ್ಲಿ ಮೊದಲಾಗಿ ತಾರಸ್ಥಾಯಿಗೇರಿ ಮುಗಿಯುವುದು.

ಇದು ಕುರಿಗಳನ್ನು ಅಟ್ಟುವ ನಾಯಿಯಲ್ಲ. ಮೊಲೆ ಬಿಟ್ಟೊಡನೆ ಮರಿಯನ್ನು ಕುರಿ ಆಡುಗಳ ನಡುವೆಯೇ ಬೆಳೆಸುವುದರಿಂದ ಅದು ಅವುಗಳನ್ನೇ ತನ್ನ ಬಳಗವೆಂದು ಬಗೆಯುವುದು. ತೋಳ ಸುಳಿದರೆ ಬಹುದೂರ ಬೆನ್ನಟ್ಟದೆ, ಮಂದೆಗೆ ಅಡ್ಡವಾಗಿ ನಿಂತು ಬೊಗಳುವುದು. ಬಹುಮಟ್ಟಿಗೆ ಅಷ್ಟರಲ್ಲೇ ಕೆಲಸ ತೀರುವುದು. ಗಾಯಗೊಂಡರೆ ನಾಳೆಯ ಬೇಟೆಯಿಲ್ಲವೆಂಬುದನ್ನು ತೋಳವೂ ಬಲ್ಲದು!

ಹಿಂದೆ ಆ ಊರಿನ ಒಕ್ಕಲಿಗೆ ಎರಡೆರಡು ಮನೆ: ಬೇಸಗೆಗೆ ಮೇಲಿನ 'ಬ್ರಾಂಡಾ', ಚಳಿಗೆ ಕಣಿವೆಯ 'ಇನ್ವೆರ್ನೈರಾ'. ಪಾತ್ರೆ ಪಡಗ, ದನಕರುಗಳೊಡನೆ ಸಂಸಾರವೇ ಹತ್ತಿಳಿಯುವಾಗ ನಾಯಿಯೂ ಜತೆಗಿತ್ತು. ಆದರೆ ಜನರು ನಾಯಿಯೊಂದನ್ನೇ ನಂಬಿ ಕುಳಿತಿರಲಿಲ್ಲ. ಉದ್ದನೆಯ ಎರಡು ಕಲ್ಲುಗೋಡೆಗಳು ಕ್ರಮವಾಗಿ ಹತ್ತಿರವಾಗುತ್ತ ಆಳವಾದ ಹೊಂಡವೊಂದರಲ್ಲಿ ಕೊನೆಗೊಳ್ಳುವಂತೆ ಕಟ್ಟಿ, ಸೋವಿ ತೋಳಗಳನ್ನು ಅದರಲ್ಲಿ ಕೆಡವುತ್ತಿದ್ದರು. ಅವಕ್ಕೆ 'ಫೋಜೊ' ಎಂದು ಹೆಸರು. ಗೋಡೆಗಳು ಆ ಬೆಟ್ಟಗಳಲ್ಲಿ ಇಂದಿಗೂ ನಿಂತಿವೆ. ವಿಷವನ್ನೂ ಇಕ್ಕಿದರು, ವಿಷಕ್ಕೆ ತೋಳ ಯಾವುದು, ನಾಯಿ ಯಾವುದು?

ಹೀಗೆ ತೋಳ ಕಡಿಮೆಯಾಯಿತು. ಊರಿನ ಜನರೂ ಫ್ರಾನ್ಸ್ ಮೊದಲಾದ ದೇಶಗಳಿಗೆ ದುಡಿಯಲು ಹೋದರು, ಮಂದೆಗಳು ಕರಗಿದವು. ಶತ್ರುವೂ ಇಲ್ಲ, ಕಾಯಬೇಕಾದ ಸೊತ್ತೂ ಇಲ್ಲವೆಂದಾದ ಮೇಲೆ ಕಾವಲುಗಾರನಿಗೆ ಅನ್ನ ಹಾಕುವವರಾರು?

1988ರಲ್ಲಿ ಪೋರ್ತುಗಲ್ ಸರಕಾರವು ತೋಳವನ್ನು ಕೊಲ್ಲಬಾರದೆಂದು ಶಾಸನ ಮಾಡಿತು. ಕುರುಬರು ಸಿಟ್ಟಾದುದು ಸಹಜ. ರಾತ್ರಿ ಕುರಿ ಕಳೆದುಕೊಂಡವನಿಗೆ ಹಗಲು ಅರಣ್ಯಧರ್ಮವನ್ನು ಬೋಧಿಸಿದರೆ ಕಿವಿಗೆ ಹತ್ತದು. ಇದನ್ನರಿತ 'ಗ್ರೂಪೊ ಲೋಬೊ' ಎಂಬ ತೋಳರಕ್ಷಣೆಯ ಸಂಘವು 1996ರಿಂದ ಕುರುಬರಿಗೆ ದೇಶೀ ತಳಿಗಳ ಮಂದೆನಾಯಿ ಮರಿಗಳನ್ನು ಕೊಡತೊಡಗಿತು. ತೋಳದ ವೈರಿಯನ್ನು ತೋಳದ ಮಿತ್ರರೇ ಸಾಕಿಸುವ ಈ ಉಪಾಯವನ್ನು ನಾವು ಬಹಳ ಮೆಚ್ಚುತ್ತೇವೆ.

ಮರಿ ಪಡೆದ ಕುರುಬನಿಗೆ ಮಾತ್ರ ತಾಳ್ಮೆ ಬೇಕು. ಪ್ರಾಯ ಬರುವವರೆಗೆ ಅದು ಆಟಕ್ಕೆಂದು ಕುರಿಮರಿಗಳನ್ನು ಓಡಿಸುವುದು, ಕಿವಿ ಕಚ್ಚುವುದು ಉಂಟು. ಬಹುಕಾಲ ಬಾಲಕರನ್ನು ತಿದ್ದಿದ ನಮಗೆ ಇದೇನೂ ಹೊಸದಲ್ಲ. ಆಗಾಗ ಗದರಿಸಿ, ಮತ್ತೆ ಮಂದೆಯೊಳಕ್ಕೇ ಬಿಡಬೇಕು.