ವೃದ್ಧಾಶ್ರಮದ ಕುರ್ಚಿ

ಮುದುಕರನ್ನು ಗೌರವಿಸುವ ಒಂದು ಬಗೆ ನಮ್ಮಲ್ಲುಂಟು: ಅವರನ್ನು ಕೂರಿಸಿಬಿಡುವುದು. ಅಜ್ಜಿ ನೀರಿಗೆಂದು ಎದ್ದರೆ ‘ನೀವು ಕೂತಿರಿ, ನಾವು ತರುತ್ತೇವೆ’ ಎನ್ನುತ್ತೇವೆ. ಮನೆಯಲ್ಲಿ ಉಪಚಾರವಾದ ಈ ಮಾತು ಅನೇಕ ವೃದ್ಧಾಶ್ರಮಗಳಲ್ಲಿ ದಿನಚರಿಯೇ ಆಗಿದೆ. ಊಟ ಹಾಸಿಗೆಯ ಬಳಿಗೇ ಬರುತ್ತದೆ. ಉಳಿದ ಹೊತ್ತು ಟೆಲಿವಿಷನ್ನಿನ ಮುಂದೆ ಸಾಲು ಕುರ್ಚಿಗಳು. ಇದನ್ನು ದಯೆಯೆಂದು ಕರೆಯಲು ನಾನು ಒಪ್ಪಲಾರೆ.

ವಯಸ್ಸಾದ ಮೇಲೆ ಶಕ್ತಿ ಕುಂದುವುದು ಸಹಜವಲ್ಲವೆ ಎಂದು ವಾಚಕರು ಕೇಳಬಹುದು. ಸಹಜವೇ ಸರಿ. ಆದರೆ ಕುಂದಿದುದರಲ್ಲಿ ವಯಸ್ಸಿನ ಪಾಲೆಷ್ಟು, ಕುರ್ಚಿಯ ಪಾಲೆಷ್ಟು? 1966ರಲ್ಲಿ ಅಮೆರಿಕದ ಡಾಲಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ತರುಣರನ್ನು ಪರೀಕ್ಷಾರ್ಥವಾಗಿ ಮೂರು ವಾರ ಹಾಸಿಗೆಯಲ್ಲಿಯೇ ಇರಿಸಲಾಯಿತು. ಕಠಿಣ ಶ್ರಮದ ವೇಳೆ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಸಾಮರ್ಥ್ಯವು ಕಾಲುಭಾಗಕ್ಕೂ ಮಿಗಿಲಾಗಿ ಇಳಿಯಿತು. 1996ರಲ್ಲಿ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ ನಷ್ಟವು ಆ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟಕ್ಕಿಂತ ಕಡಿಮೆಯಾಗಿತ್ತು! ಇಪ್ಪತ್ತರ ದೇಹದ ಗತಿಯೇ ಹೀಗಾದರೆ ಎಂಬತ್ತರ ದೇಹದ ಗತಿಯೇನು?

ಕಳೆದುಹೋದುದು ಮರಳಿ ಬರುವುದೇ ಎಂಬುದು ಮುಂದಿನ ಪ್ರಶ್ನೆ. ಬಾಸ್ಟನ್ ನಗರದಲ್ಲಿ ವೃದ್ಧರ ಶುಶ್ರೂಷೆಗೆಂದೇ ಇರುವ ಒಂದು ಆಲಯದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಉತ್ತರವನ್ನು ಹುಡುಕಿದರು. ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರು ಎಂಟು ವಾರ ಕಾಲಿನಿಂದ ಭಾರವೆತ್ತುವ ವ್ಯಾಯಾಮವನ್ನು ಕೈಗೊಂಡರು. ಹಗುರವಾದ ಭಾರವಲ್ಲ, ಅವರವರು ಎತ್ತಬಲ್ಲ ಗರಿಷ್ಠದ ಶೇಕಡ 80ರವರೆಗೆ. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೊನೆಯವರೆಗೆ ನಿಂತ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟರು.

ಇಲ್ಲೊಂದು ಸ್ವಾರಸ್ಯವಿದೆ. ತೊಡೆಯ ಸ್ನಾಯುವಿನ ಗಾತ್ರ ಬೆಳೆದದ್ದು ಕೇವಲ ಶೇಕಡ 9ರಷ್ಟು. ಹಾಗಾದರೆ ಅಷ್ಟು ಬಲ ಬಂದುದೆಲ್ಲಿಂದ? ಸ್ನಾಯುವೆಂದರೆ ಸಾವಿರಾರು ತಂತುಗಳ ಕಟ್ಟು. ನರದ ಅಪ್ಪಣೆ ತಲಪಿದ ತಂತುಗಳು ಮಾತ್ರ ಸಂಕುಚಿಸುತ್ತವೆ. ಕುಳಿತೇ ಇರುವವನಲ್ಲಿ ಎಷ್ಟೋ ತಂತುಗಳಿಗೆ ಕರೆಯೇ ಹೋಗುವುದಿಲ್ಲ. ಭಾರವನ್ನು ಎತ್ತತೊಡಗಿದೊಡನೆ ನರಮಂಡಲವು ಅವನ್ನು ಮತ್ತೆ ಕೆಲಸಕ್ಕೆ ಕರೆಯುತ್ತದೆ. ಹೆಚ್ಚಿದ ಬಲದಲ್ಲಿ ದೊಡ್ಡ ಪಾಲು ಹೊಸ ಮಾಂಸದ್ದಲ್ಲ, ಎಚ್ಚೆತ್ತ ಹಳೆಯ ಮಾಂಸದ್ದು.

ಅದೇ ತಂಡವು 1994ರಲ್ಲಿ ನೂರು ಮಂದಿಯ ಮೇಲೆ ನಡೆಸಿದ ಹತ್ತು ವಾರಗಳ ಪರೀಕ್ಷೆಯನ್ನು ಪ್ರಕಟಿಸಿತು. ಅಲ್ಲಿ ವ್ಯಾಯಾಮವಿಲ್ಲದೆ ಪುಷ್ಟಿಕರ ಪಾನೀಯವನ್ನಷ್ಟೇ ಕುಡಿದವರ ದೌರ್ಬಲ್ಯ ತಗ್ಗಲಿಲ್ಲ. ವೃದ್ಧಾಶ್ರಮಕ್ಕೆ ಹಣ್ಣು, ಬಿಸ್ಕತ್ತು ಕೊಟ್ಟು ತೃಪ್ತರಾಗುವ ನಾವು ಇದನ್ನು ಗಮನಿಸಬೇಕು.

ಬಿದ್ದರೆ ಗತಿಯೇನು ಎಂದು ಆಶ್ರಮದವರು ಅಂಜುತ್ತಾರೆ. ಈ ಅಂಜಿಕೆ ಹುಸಿಯಲ್ಲ. ಮುಪ್ಪಿನಲ್ಲಿ ತೊಡೆಯ ಮೂಳೆ ಮುರಿದರೆ ಪ್ರಾಣಕ್ಕೇ ಸಂಚಕಾರ. ವ್ಯಾಯಾಮದಿಂದ ಆಶ್ರಮಗಳಲ್ಲಿ ಬೀಳುವುದು ನಿಂತೇಹೋಗುತ್ತದೆಂದು ಹೇಳುವಷ್ಟು ಪುರಾವೆಯೂ ಇಲ್ಲ. ಆದರೆ ಬೀಳಬಾರದೆಂದು ಕೂರಿಸಿದವನ ಕಾಲು ದಿನದಿನಕ್ಕೆ ಸೊರಗುತ್ತದೆ, ಅವನು ಒಂದು ದಿನ ಶೌಚಕ್ಕೆಂದು ಏಳಲೇಬೇಕಾಗುತ್ತದೆ. ವೈದ್ಯರು ಹೃದಯವನ್ನೂ ಕೀಲುಗಳನ್ನೂ ಪರೀಕ್ಷಿಸಿ ಒಪ್ಪಿದ ಮೇಲೆ, ಒಬ್ಬರು ಪಕ್ಕದಲ್ಲಿ ನಿಂತು ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿಸುವುದರಲ್ಲಿರುವ ಅಪಾಯವೇ ನನಗೆ ಚಿಕ್ಕದಾಗಿ ಕಾಣುತ್ತದೆ.

2007ರ ಕೇಂದ್ರ ಶಾಸನವು, ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕು, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರಬೇಕು ಎಂಬ ಗುರಿಯನ್ನು ಮುಂದಿಟ್ಟಿತು. ಅಂತಹ ಆಶ್ರಮವನ್ನು ತನಿಖೆ ಮಾಡುವವರು ಹಾಸಿಗೆಗಳೊಂದಿಗೆ, ತಮ್ಮ ಕಾಲಿನಿಂದಲೇ ಊಟದ ಮನೆಗೆ ಬರುವವರನ್ನೂ ಎಣಿಸಲಿ. ಗೋಡೆಯುದ್ದಕ್ಕೂ ಹಿಡಿಕಂಬಿ, ಕಾಲಿಗೆ ಕಟ್ಟಲು ಮರಳಿನ ಚೀಲ, ಕಲಿತ ಒಬ್ಬ ಸಹಾಯಕ. ಆರಂಭಕ್ಕೆ ಇಷ್ಟು ಸಾಕು. ಆದರೆ ವರ್ಷಕ್ಕೊಮ್ಮೆ ಅಕ್ಟೋಬರ್ 1ರಂದು, ಹಿರಿಯರ ದಿನವೆಂದು ನಡಿಗೆಯ ಸ್ಪರ್ಧೆಯನ್ನು ಏರ್ಪಡಿಸಿದರೆ ಸಾಲದು. ಬಾಸ್ಟನ್ನಿನ ಆ ವೃದ್ಧರೇ ಅಭ್ಯಾಸವನ್ನು ಬಿಟ್ಟ ನಾಲ್ಕು ವಾರಗಳಲ್ಲಿ ತಮ್ಮ ಬಲದ ಶೇಕಡ 32ರಷ್ಟನ್ನು ಕಳೆದುಕೊಂಡಿದ್ದರು.