ಪರದೆಯ ಗೂಡು, ಸೂರಿನ ಗೂಡು

ಕಳೆದ ದಸರಾ ರಜೆಯಲ್ಲಿ ಹುಬ್ಬಳ್ಳಿಯ ಬಂಧುಗಳ ಮನೆಗೆ ಹೋಗಿದ್ದೆ. ಇಡೀ ಕುಟುಂಬ ಒಂದು ಪರದೆಯ ಮುಂದೆ ಕುಳಿತಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಕಾಲಿನ್ಸ್ ಬೀದಿಯ ಗಗನಚುಂಬಿ ಕಟ್ಟಡದ ಅಂಚಿನಲ್ಲಿ ಪೆರಿಗ್ರಿನ್ ಗಿಡುಗವೊಂದು ಬಿಳಿ ತುಪ್ಪುಳಿನ ಮರಿಗಳಿಗೆ ಉಣಿಸುತ್ತಿತ್ತು. ಮಕ್ಕಳ ಕಣ್ಣುಗಳಲ್ಲಿ ಬೆರಗು. ಹಿರಿಯರ ಬಾಯಲ್ಲಿ ತಾಯ್ತನದ ಗುಣಗಾನ. ಅದೇ ವಾರ, ಅದೇ ಮನೆಯ ಸೂರಿನಡಿ ಬಾನಾಡಿ ಹಕ್ಕಿಗಳು ಗರಿ-ಹುಲ್ಲುಗಳನ್ನು ಜೊಲ್ಲಿನಿಂದ ಅಂಟಿಸಿ ಕಟ್ಟಿದ್ದ ಗೂಡುಗಳನ್ನು, ಸುಣ್ಣಬಣ್ಣದ ಸಲುವಾಗಿ, ಕೆರೆದು ಹಾಕಲಾಗಿತ್ತು. ಅದು ಯಾರಿಗೂ ಕಥೆಯೆನಿಸಲಿಲ್ಲ.

ವೆಬ್‌ಕ್ಯಾಮೆರಾವನ್ನು ನಾನು ದೂರುವುದಿಲ್ಲ. ಅದು ಗೂಡನ್ನು ಕದಡದೆ ತೋರಿಸುತ್ತದೆ. ಆದರೆ ನಾವು ಕಾಣುವ ಆ ಗೂಡು ಪುಕ್ಕಟೆಯಾಗಿ ಬಂದದ್ದಲ್ಲ. ಡಿಡಿಟಿ ವಿಷವು ಕೀಟಗಳಿಂದ ಸಣ್ಣ ಹಕ್ಕಿಗಳಿಗೆ, ಅವುಗಳಿಂದ ಗಿಡುಗಕ್ಕೆ ಸೇರಿ, ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿತ್ತು. ಕಾವು ಕೊಡುವ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆಯುತ್ತಿದ್ದವು. ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲಿ ಚಿಪ್ಪು ತೆಳುವಾದುದನ್ನು ತೋರಿಸಿಕೊಟ್ಟರು. ಅಮೆರಿಕ 1972ರಲ್ಲಿ ಡಿಡಿಟಿಯನ್ನು ನಿಷೇಧಿಸಿತು. ಮರಿಗಳನ್ನು ಸಾಕಿ ಬಿಡಲಾಯಿತು. 1999ರಲ್ಲಿ ಹಕ್ಕಿಯ ಹೆಸರು ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಯಾರೋ ಲಾಭವನ್ನು ತ್ಯಜಿಸಿದರು, ಯಾರೋ ಕಟ್ಟಡದ ಮೇಲೆ ಪೆಟ್ಟಿಗೆ ಇಟ್ಟರು. ನಾವಾದರೋ ಫಲವನ್ನು ನೋಡಿ ಆನಂದಿಸುತ್ತೇವೆ, ಬೆಲೆಯನ್ನು ಮರೆಯುತ್ತೇವೆ.

‘ನಮ್ಮಲ್ಲಿ ಅಂಥ ಹಕ್ಕಿ ಎಲ್ಲಿದೆ?’ ಎನ್ನುವವರುಂಟು. ಇದೆ. ಪೆರಿಗ್ರಿನ್ನಿನ ಶಾಹೀನ್ ಎಂಬ ಉಪಜಾತಿ ಭಾರತದ ಬಂಡೆಗಳಲ್ಲೇ ಗೂಡು ಮಾಡುತ್ತದೆ; ಉತ್ತರದ ಬಳಗ ಚಳಿಗಾಲದಲ್ಲಿ ಅತಿಥಿಯಾಗಿ ಬರುತ್ತದೆ. ಬೆಲೆ ತೆತ್ತ ಉದಾಹರಣೆಯೂ ನಮ್ಮಲ್ಲಿದೆ: ರಣಹದ್ದುಗಳನ್ನು ಕೊಲ್ಲುತ್ತಿದ್ದ ಡೈಕ್ಲೋಫೆನಾಕ್ ಔಷಧವನ್ನು ಜಾನುವಾರುಗಳಿಗೆ ಬಳಸದಂತೆ 2006ರಲ್ಲಿ ನಿಷೇಧಿಸಲಾಯಿತು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು.

ಆದರೆ ನಮ್ಮ ಅವಳಿ ನಗರ ಮಾಡಿದ್ದೇನು? ಬಿ.ಆರ್.ಟಿ.ಎಸ್. ಮಾರ್ಗಕ್ಕಾಗಿ ರಸ್ತೆ ಅಗಲವಾದಾಗ ಇಕ್ಕೆಲದ ಮರಗಳು ಉರುಳಿದವು; 2018ರಲ್ಲಿ ಓಡಾಟ ಆರಂಭಿಸಿದ ಬಸ್ಸಿಗೆ ಮಾತ್ರ ‘ಚಿಗರಿ’ ಎಂದು ಮುದ್ದಾಗಿ ಹೆಸರಿಟ್ಟೆವು. ಜೀವಿಯ ಹೆಸರು ನಮಗೆ ಬೇಕು, ಚಿತ್ರ ಬೇಕು. ಜೀವಿಯ ನೆರೆತನ ಬೇಡ.

ಹೊಲಸಾಗುತ್ತದೆ ಎಂಬ ದೂರು ಸುಳ್ಳಲ್ಲ. ಪರದೆಯ ಗಿಡುಗ ನಮ್ಮ ಅಂಗಳದಲ್ಲಿ ಹಿಕ್ಕೆ ಹಾಕುವುದಿಲ್ಲ. ಆದ್ದರಿಂದಲೇ ಅದನ್ನು ಪ್ರೀತಿಸುವುದು ಇಷ್ಟು ಸುಲಭ. ಆದರೆ ಸೂರಿನ ಬಾನಾಡಿಯ ಗೂಡಿನಡಿ ಒಂದು ಹಲಗೆ ಕಟ್ಟಿದರೆ ಸಾಕು, ಗೋಡೆ ಉಳಿಯುತ್ತದೆ, ಗೂಡೂ ಉಳಿಯುತ್ತದೆ. ಆ ಹಕ್ಕಿ ಹಾರುತ್ತಲೇ ಕೀಟಗಳನ್ನು ಹಿಡಿದು ತಿನ್ನುತ್ತದೆ. ಅಪಶಕುನವೆಂದು ಕಲ್ಲೆಸೆಯುವ ಗೂಬೆ ಇಲಿಗಳನ್ನು ತಿಂದು ನಮ್ಮ ಕಾಳನ್ನು ಕಾಯುತ್ತದೆ.

ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಗಳನ್ನು ಗಮನಿಸುತ್ತಾರೆ. ದೂರದ ಗೂಡಿಗೆ ಕಣ್ಣೀರು, ಹತ್ತಿರದ ಗೂಡಿಗೆ ಕೆರೆಯುವ ಸಲಾಕೆ! ಇದನ್ನು ಕಂಡ ಮಗು ಕರುಣೆಯನ್ನಲ್ಲ, ಕರುಣೆಯ ಅಭಿನಯವನ್ನು ಕಲಿಯುತ್ತದೆ. ಮುಂದಿನ ಬಾರಿ ಪರದೆಯನ್ನು ತೆರೆಯಿರಿ, ಮನಸಾರೆ ನೋಡಿರಿ. ಆದರೆ ಮನೆಗೆ ಬಣ್ಣ ಬಳಿಸುವ ಮುನ್ನ ಮಗುವಿನ ಕೈಹಿಡಿದು ಹೊರಗೆ ಬಂದು, ಒಮ್ಮೆ ಸೂರಿನತ್ತಲೂ ತಲೆಯೆತ್ತಿರಿ. ಅಲ್ಲಿ ಗೂಡಿದ್ದರೆ, ಮರಿಗಳು ಹಾರುವವರೆಗೆ ಬಣ್ಣ ಕಾಯಲಿ.