ಮೊದಲ ಸಾಲು, ಕೊನೆಯ ಸಾಲು: ಇದು ಓದಲ್ಲ

2021ರ ಡಿಸೆಂಬರ್ 11ರಂದು ಸಿಬಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆ ನಡೆಯಿತು. ಪತ್ರಿಕೆಯಲ್ಲಿದ್ದ ಒಂದು ಗದ್ಯಭಾಗದ ವಾದ ಹೀಗಿತ್ತು: ಹೆಂಡತಿಗೆ ಸ್ವಾತಂತ್ರ್ಯ ಸಿಕ್ಕಿತು, ಅದರಿಂದಲೇ ಮಕ್ಕಳ ಮೇಲೆ ತಂದೆತಾಯಿಯ ಹಿಡಿತ ತಪ್ಪಿತು. ಎರಡು ದಿನ ಕಳೆಯುವಷ್ಟರಲ್ಲಿ ಸೋನಿಯಾ ಗಾಂಧಿ ಲೋಕಸಭೆಯಲ್ಲಿ ವಿಷಯ ಎತ್ತಿದರು. ಅದೇ ದಿನ ಮಂಡಳಿ ಆ ಗದ್ಯಭಾಗವನ್ನೂ ಅದರ ಪ್ರಶ್ನೆಗಳನ್ನೂ ಕೈಬಿಟ್ಟಿತು, ಎಲ್ಲರಿಗೂ ಪೂರ್ಣ ಅಂಕ ಎಂದಿತು, ಪ್ರಶ್ನೆಪತ್ರಿಕೆ ತಯಾರಿಕೆಯ ಕ್ರಮವನ್ನು ಪರಿಶೀಲಿಸಲು ತಜ್ಞರ ಸಮಿತಿ ಮಾಡುವುದಾಗಿ ಹೇಳಿತು. ಅಲ್ಲಿಗೆ ಗಲಾಟೆ ತಣ್ಣಗಾಯಿತು.

ಇಂಥ ಗದ್ಯ ಪರೀಕ್ಷೆಯೊಳಗೆ ಹೇಗೆ ನುಸುಳಿತು ಎಂದು ಎಲ್ಲರೂ ಕೇಳಿದರು, ಕೇಳಬೇಕಾದದ್ದೇ. ಆದರೆ ಇನ್ನೊಂದು ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ಇಂಥ ಗದ್ಯ ಎದುರಾದಾಗ ಏನು ಮಾಡಬೇಕು ಎಂದು ಹದಿನೈದು ಹದಿನಾರರ ಹುಡುಗ ಹುಡುಗಿಯರಿಗೆ ನಾವು ಕಲಿಸಿದ್ದೆವೇ? ಆ ಅವಧಿಯ ಪರೀಕ್ಷೆ ಬಹು ಆಯ್ಕೆಯದು, ಓಎಂಆರ್ ಹಾಳೆಯದು. ‘ಲೇಖಕ ಹೇಳುತ್ತಿರುವುದಕ್ಕೆ ಆಧಾರ ಇಲ್ಲ’ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ವೃತ್ತ ತುಂಬಿಸಬೇಕು, ಮುಂದಿನ ಪ್ರಶ್ನೆಗೆ ಹೋಗಬೇಕು.

ವಿವಾದಕ್ಕೀಡಾದ ಸಾಲುಗಳನ್ನು ಈಗ ಬಿಡಿಸಿ ನೋಡಿ. ಅದು ಕಾರಣ–ಪರಿಣಾಮದ ಕಟ್ಟು. ಒಂದು ತುದಿಯಲ್ಲಿ ಹೆಂಡತಿಯ ಬಿಡುಗಡೆ, ಇನ್ನೊಂದು ತುದಿಯಲ್ಲಿ ಮಕ್ಕಳ ಅವಿಧೇಯತೆ. ಇವೆರಡನ್ನೂ ಬೆಸೆಯಲು ಅಲ್ಲಿ ಸಾಕ್ಷ್ಯವಿಲ್ಲ, ಲೇಖಕನ ಗಟ್ಟಿ ದನಿ ಮಾತ್ರ ಇದೆ. ಗದ್ಯದ ಕಟ್ಟನ್ನು ಗುರುತಿಸಲು ಕಲಿತ ವಿದ್ಯಾರ್ಥಿಗೆ ಬೆಸುಗೆ ಬಿಟ್ಟ ಜಾಗ ಕಣ್ಣಿಗೆ ಹೊಡೆಯುತ್ತದೆ. ಕಲಿಯದವನು ಅಚ್ಚಾದ ಇಂಗ್ಲಿಷಿಗೆ ತಲೆಬಾಗುತ್ತಾನೆ. ನನ್ನ ವಾದ ಇಷ್ಟೇ: ಗದ್ಯದ ಕಟ್ಟನ್ನು ಓದುವುದು ಅಂಕ ಗಿಟ್ಟಿಸುವ ಉಪಾಯಕ್ಕಿಂತ ದೊಡ್ಡದು, ಅದು ಅಚ್ಚಾದ ಮಾತನ್ನು ಎದುರಿಸುವ ವಿದ್ಯೆ. ಅದನ್ನು ಶಾಲೆ ಕೈಬಿಟ್ಟಿದೆ, ಕೋಚಿಂಗ್ ಕೆಡಿಸಿದೆ. ಅದನ್ನು ಮತ್ತೆ ಶಾಲೆಗೆ ತರುವುದಾದರೆ ಮೊದಲು ತರಬೇಕಾದದ್ದು ಇಂಗ್ಲಿಷ್ ತರಗತಿಗಲ್ಲ, ಮಗುವಿನ ಮನೆಮಾತಿನ ತರಗತಿಗೆ.

ನಾನಿರುವ ಘಾಜಿಯಾಬಾದಿನಲ್ಲಿ ಈ ಕೆಡುಕು ಬೀದಿಯಲ್ಲೇ ಕಾಣುತ್ತದೆ. ವೈಶಾಲಿ, ಇಂದಿರಾಪುರಂ, ರಾಜನಗರ, ಎಲ್ಲಿ ಹೋದರೂ ಟ್ಯೂಷನ್ ಬೋರ್ಡು. ಹತ್ತನೆಯ ತರಗತಿ, ಎಸ್‌ಎಸ್‌ಸಿ, ಬ್ಯಾಂಕು, ಸಿಯುಇಟಿ, ಐಇಎಲ್‌ಟಿಎಸ್, ಪರೀಕ್ಷೆ ಯಾವುದಾದರೂ ಗದ್ಯಭಾಗಕ್ಕೆ ಕೊಡುವ ಮಂತ್ರ ಹೆಚ್ಚುಕಡಿಮೆ ಒಂದೇ. ಪ್ರಶ್ನೆ ಮೊದಲು ಓದು. ಪ್ರತಿ ಪ್ಯಾರಾದ ಮೊದಲ ಸಾಲು, ಕೊನೆಯ ಸಾಲು ನೋಡು. ‘ಆಲ್ವೇಸ್’, ‘ನೆವರ್’ ಇರುವ ಆಯ್ಕೆ ಹೊಡೆದುಹಾಕು. ಪ್ರಶ್ನೆಯ ಪದ ಗದ್ಯದಲ್ಲಿ ಎಲ್ಲಿದೆಯೋ ಅಲ್ಲಿಂದ ಉತ್ತರ ಎತ್ತು. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೂ ಈ ಮಂತ್ರ ಹೊಸದಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷಿನ 80 ಅಂಕಗಳಲ್ಲಿ 20 ಅಂಕ ನೋಡದ ಗದ್ಯಭಾಗಗಳಿಗೆ ಮೀಸಲು. ಅಷ್ಟು ಅಂಕ ಸೂತ್ರಕ್ಕೆ ಸಿಗುತ್ತದೆ ಎಂದರೆ ಕೊಳ್ಳುವವರಿಗೆ ಬರವೇ?

ಇದನ್ನು ‘ಪ್ಯಾಸೇಜ್ ಸ್ಟ್ರಕ್ಚರ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಇದು ಕಟ್ಟಲ್ಲ ಎಂದು ತೋರಿಸಲು ಒಂದು ಪುಟ್ಟ ಗದ್ಯವನ್ನು ನಾನೇ ಬರೆಯುತ್ತೇನೆ. “ಹಿಂಡನ್ ನದಿ ಕೊಳಕಾಗಿರುವುದಕ್ಕೆ ದಡದ ಜನರೇ ಕಾರಣ ಎನ್ನುವವರಿದ್ದಾರೆ. ಅವರು ಕಸ ಸುರಿಯುತ್ತಾರೆ, ಪೂಜೆಯ ಹೂವು ಎಸೆಯುತ್ತಾರೆ. ಆದರೆ ಸಹಾರನ್‌ಪುರ, ಮುಜಫ್ಫರ್‌ನಗರಗಳ ಸಕ್ಕರೆ ಮತ್ತು ಕಾಗದದ ಕಾರ್ಖಾನೆಗಳ ಹೊಲಸು ನೀರು ಸೇರಿ, ನದಿ ಇಲ್ಲಿಗೆ ತಲುಪುವ ಮೊದಲೇ ಕೆಟ್ಟಿರುತ್ತದೆ. ಹಾಗೆಂದು ದಡದವರು ಏನೂ ತಪ್ಪು ಮಾಡುತ್ತಿಲ್ಲ ಎಂದಲ್ಲ.” ಮೊದಲ ಸಾಲು, ಕೊನೆಯ ಸಾಲು ಓದುವ ಹುಡುಗನಿಗೆ ಸಿಗುವ ಸಾರಾಂಶ: ತಪ್ಪು ದಡದ ಜನರದು. ಲೇಖಕನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಮೊದಲ ಸಾಲು ಎದುರಾಳಿಯ ಮಾತು, ಕೊನೆಯ ಸಾಲು ಎದುರಾಳಿಗೆ ಕೊಟ್ಟ ರಿಯಾಯಿತಿ. ಲೇಖಕ ಕೂತಿರುವುದು ನಡುವೆ, ‘ಆದರೆ’ಯ ಬೆನ್ನಿಗೆ. ಯಾವ ಸಾಲು ಎಲ್ಲಿದೆ ಎಂಬುದನ್ನು ಕೋಚಿಂಗ್ ಲೆಕ್ಕ ಹಾಕುತ್ತದೆ. ಯಾವ ಸಾಲು ಯಾವ ಕೆಲಸ ಮಾಡುತ್ತಿದೆ ಎಂದು ಕೇಳುವುದೇ ಓದು.

ಈ ಕಟ್ಟು ನಮ್ಮವರಿಗೆ ಹೊಸದೇ? ಒಂದು ಅಧಿಕರಣಕ್ಕೆ, ಎಂದರೆ ಒಂದು ವಿಚಾರದ ಚರ್ಚೆಗೆ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಅಂಗಗಳನ್ನು ಗೊತ್ತುಮಾಡಿದವರು ಮೀಮಾಂಸಕರು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವುದು ಆ ಪದ್ಧತಿ. ಅದು ಪಂಡಿತರದಾಯಿತು ಎನ್ನುವವರು ಕರಾವಳಿಯ ತಾಳಮದ್ದಳೆಗೆ ಹೋಗಿ ಕೂರಲಿ. ಕೃಷ್ಣನೂ ಕೌರವನೂ ರಾತ್ರಿಯೆಲ್ಲ ವಾದಿಸುತ್ತಾರೆ. ಯಾವ ಮಾತು ಆಕ್ಷೇಪ, ಯಾವುದು ಸಮಾಧಾನ, ಅರ್ಥಧಾರಿ ಎಲ್ಲಿ ಜಾರಿಕೊಂಡ, ಎಲ್ಲಿ ಉತ್ತರಿಸದೆ ಬಿಟ್ಟ ಎಂದು ಬೆಳಿಗ್ಗೆ ಚಹಾದಂಗಡಿಯಲ್ಲಿ ವಿಮರ್ಶೆ ನಡೆಸುವವರಲ್ಲಿ ಶಾಲೆಯನ್ನು ಅರ್ಧಕ್ಕೆ ಬಿಟ್ಟವರೂ ಇರುತ್ತಾರೆ. ಅವರ ಮಕ್ಕಳಿಗೇ ಇಂಗ್ಲಿಷ್ ಗದ್ಯಭಾಗದ ಮುಂದೆ ಕಾಲು ನಡುಗುತ್ತದೆ. ಮನೆಯಲ್ಲಿರುವ ವಿದ್ಯೆಗೂ ಪರೀಕ್ಷೆ ಕೇಳುವ ವಿದ್ಯೆಗೂ ನಂಟಿದೆ ಎಂದು ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಕಟ್ಟು ಹಿಡಿದು ಓದುವುದರಿಂದ ಪ್ರಯೋಜನವಿದೆಯೇ ಎಂದು ಸಂಶೋಧಕರೂ ಪರೀಕ್ಷಿಸಿ ನೋಡಿದ್ದಾರೆ. ಲೇಖಕ ಬಳಸಿದ ಕಟ್ಟನ್ನೇ ಹಿಡಿದು ಓದಿದ ವಿದ್ಯಾರ್ಥಿಗಳಿಗೆ ಓದಿದ್ದು ಹೆಚ್ಚು ನೆನಪಿರುತ್ತದೆ ಎಂದು ಬಾನಿ ಮೇಯರ್ ಮತ್ತು ಸಂಗಡಿಗರು 1980ರಲ್ಲಿ ಅಮೆರಿಕದ ಒಂಬತ್ತನೇ ತರಗತಿಯವರಲ್ಲಿ ಕಂಡರು. ವಿವರಣೆ, ಅನುಕ್ರಮ, ಕಾರಣ–ಪರಿಣಾಮ, ಸಮಸ್ಯೆ–ಪರಿಹಾರ, ಹೋಲಿಕೆ ಎಂಬ ಐದು ಬಗೆಯ ಕಟ್ಟುಗಳು ಈ ಕ್ಷೇತ್ರದಲ್ಲಿ ಬಳಕೆಗೆ ಬಂದದ್ದು ಮೇಯರ್ ಅವರ ಕೆಲಸದಿಂದ. ನಮಗೆ ಇನ್ನೂ ಹತ್ತಿರದ್ದು ಪೆಟ್ರೀಷಿಯಾ ಕ್ಯಾರೆಲ್ 1985ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ, ಬೇರೆಬೇರೆ ಮನೆಮಾತಿನ ವಿದ್ಯಾರ್ಥಿಗಳಿಗೆ ಅವರು ಕೆಲವೇ ದಿನ ಗದ್ಯದ ಕಟ್ಟನ್ನು ಗುರುತಿಸುವ ತರಬೇತಿ ಕೊಟ್ಟರು. ಓದಿದ ವಿಷಯವನ್ನು ಮರಳಿ ಹೇಳುವುದರಲ್ಲಿ ತರಬೇತಿ ಪಡೆದವರು ಮುಂದೆ ಹೋದರು. ಅಷ್ಟು ದಿನದಲ್ಲಿ ಯಾರ ಶಬ್ದಭಂಡಾರವೂ ದುಪ್ಪಟ್ಟಾಗುವುದಿಲ್ಲ. ಬದಲಾದದ್ದು ಓದುವ ರೀತಿ.

ಇದಕ್ಕೆ ಎರಡು ದಿಕ್ಕಿನಿಂದ ಆಕ್ಷೇಪ ಬರುತ್ತದೆ. ಮೊದಲನೆಯದು ಸಾಹಿತ್ಯಪ್ರಿಯರದು: ಕಟ್ಟು, ಗಿಟ್ಟು ಎಲ್ಲ ಯಾಂತ್ರಿಕ, ಮಕ್ಕಳ ಕೈಗೆ ಪುಸ್ತಕ ಕೊಡಿ, ಓದುತ್ತ ಓದುತ್ತ ತಾನಾಗಿ ಬರುತ್ತದೆ. ಮನೆಯಲ್ಲಿ ಪುಸ್ತಕದ ಕಪಾಟು ಇದ್ದವರ ಮಾತು ಇದು. ಅವರ ಮಕ್ಕಳಿಗೆ ತಾನಾಗಿ ಬಂದಿದೆ ಎಂದರೆ ಊಟದ ಹೊತ್ತಿನಲ್ಲಿ ಯಾರೋ ಅವರೊಡನೆ ಪತ್ರಿಕೆಯ ಸಂಪಾದಕೀಯದ ಬಗ್ಗೆ ವಾದಿಸಿದ್ದಾರೆ ಎಂದು ಅರ್ಥ. ಆ ಭಾಗ್ಯವಿಲ್ಲದ ಮಗುವಿಗೆ ತರಗತಿಯಲ್ಲಿ ಬಾಯಿಬಿಟ್ಟು ಹೇಳಿಕೊಡಬೇಕು. ಹೇಳಿಕೊಡುವುದನ್ನು ‘ಯಾಂತ್ರಿಕ’ ಎಂದು ಜರೆಯುವುದು ಕಲಿತವರ ಸೊಕ್ಕು.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ವಿಷಯಜ್ಞಾನ ಇಲ್ಲದೆ ಕಟ್ಟು ಮಾತ್ರ ಗೊತ್ತಿದ್ದರೆ ಏನು ಪ್ರಯೋಜನ? 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಬೇಸ್‌ಬಾಲ್ ಪಂದ್ಯದ ಒಂದು ಗದ್ಯವನ್ನು ಮಕ್ಕಳಿಗೆ ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಅರಿಯದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಒಪ್ಪೋಣ. ಕಟ್ಟನ್ನು ವರ್ಷಗಟ್ಟಲೆ ಉರುಹೊಡೆಸುವುದರಿಂದ ಪ್ರಯೋಜನವಿಲ್ಲ. ಅದನ್ನು ಬೇಗ ಕಲಿಸಿ, ಆಮೇಲೆ ವಿಜ್ಞಾನ, ಚರಿತ್ರೆ, ಸಮಾಜದ ಪಾಠಗಳಲ್ಲೇ ಬಳಸಬೇಕು. ಬರಗಾಲದ ಪಾಠ ಕಾರಣ–ಪರಿಣಾಮದ ಗದ್ಯ, ಎರಡು ಆಡಳಿತ ಪದ್ಧತಿಗಳ ಪಾಠ ಹೋಲಿಕೆಯ ಗದ್ಯ. ಅಲ್ಲಿ ಕಟ್ಟೂ ಜ್ಞಾನವೂ ಒಟ್ಟಿಗೆ ಬೆಳೆಯುತ್ತವೆ. ಈ ಆಕ್ಷೇಪ ಕೋಚಿಂಗ್ ಸೂತ್ರವನ್ನು ಉರುಳಿಸುತ್ತದೆ, ನನ್ನ ವಾದವನ್ನಲ್ಲ.

ಇನ್ನು ಭಾಷೆಯ ಅನ್ಯಾಯದ ಮಾತು. ಯುಪಿಎಸ್‌ಸಿ ತನ್ನ ನಾಗರಿಕ ಸೇವಾ ಪ್ರಾಥಮಿಕ ಪರೀಕ್ಷೆಗೆ 2011ರಲ್ಲಿ ಸಿಸ್ಯಾಟ್ ಎಂಬ ಸಾಮರ್ಥ್ಯ ಪತ್ರಿಕೆ ತಂದಿತು. 2014ರ ಬೇಸಿಗೆ ಕಳೆದ ಮೇಲೆ ದಿಲ್ಲಿಯ ಮುಖರ್ಜಿ ನಗರದಲ್ಲಿ ಹಿಂದಿ ಅಭ್ಯರ್ಥಿಗಳು ಬೀದಿಗಿಳಿದರು. ಇಂಗ್ಲಿಷಿನಿಂದ ಹಿಂದಿಗೆ ಇಳಿಸಿದ ಗದ್ಯಭಾಗಗಳು ಓದಲು ಬಾರದಂತಿವೆ ಎಂಬುದು ಅವರ ದೊಡ್ಡ ದೂರು. ಆಗಸ್ಟ್ 4ರಂದು ಸರ್ಕಾರ ಸಂಸತ್ತಿನಲ್ಲಿ ಬಾಗಿತು: ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳ ಅಂಕ ಲೆಕ್ಕಕ್ಕಿಲ್ಲ. ಮರುವರ್ಷ ಇಡೀ ಪತ್ರಿಕೆ ಶೇ. 33 ಪಡೆದರೆ ಸಾಕೆನ್ನುವ ಅರ್ಹತಾ ಪತ್ರಿಕೆಯಾಯಿತು. ಹಿಂದಿಯವರಿಗೆ ಕೆಟ್ಟ ಅನುವಾದವಾದರೂ ಇತ್ತು. ಕನ್ನಡದ ಅಭ್ಯರ್ಥಿಗೆ ಅದೂ ಇಲ್ಲ. ಪ್ರಾಥಮಿಕ ಪರೀಕ್ಷೆಯ ಗದ್ಯವನ್ನು ಅವನು ಓದಬೇಕಾದದ್ದು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ. ನಮ್ಮ ಮನೆ ಸರಿಯಿದೆಯೇ ಎಂದರೆ, ಕೆಪಿಎಸ್‌ಸಿ 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ಎಡವಟ್ಟಿನಿಂದ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಿತು, ಅದರಲ್ಲೂ ಕನ್ನಡ ತಪ್ಪಾಗಿದೆ ಎಂಬ ಕೂಗು ಎದ್ದಿತು.

ಈ ಅನ್ಯಾಯದ ವಿರುದ್ಧ ಹೋರಾಡಲೇಬೇಕು. ಆದರೆ ಹೋರಾಟ ಗೆಲ್ಲುವವರೆಗೆ ಪರೀಕ್ಷೆ ಕಾಯುವುದಿಲ್ಲ. ಇಲ್ಲಿನ ಕನ್ನಡ ಮನೆಗಳನ್ನೇ ನೋಡಿ. ಭಾರತ್ ಎಲೆಕ್ಟ್ರಾನಿಕ್ಸ್ 1974ರಲ್ಲಿ ಘಾಜಿಯಾಬಾದಿನಲ್ಲಿ ಘಟಕ ತೆರೆದಾಗಿನಿಂದ, ಅದರ ಬೆಂಗಳೂರು ಘಟಕವಿರುವ ಜಾಲಹಳ್ಳಿಗೂ ಈ ಊರಿಗೂ ವರ್ಗದ ನಂಟಿದೆ. ಹಾಗೆ ಬಂದ ಮನೆಯ ಮಗುವಿಗೆ ಒಳಗೆ ಕನ್ನಡ, ಗಲ್ಲಿಯಲ್ಲಿ ಹಿಂದಿ, ಉತ್ತರಪತ್ರಿಕೆಯಲ್ಲಿ ಇಂಗ್ಲಿಷ್. ಮೂರು ಭಾಷೆಯ ನಡುವೆ ಆ ಮಗು ಹೊತ್ತೊಯ್ಯಬಹುದಾದದ್ದು ಶಬ್ದಗಳನ್ನಲ್ಲ, ವಾದದ ಕಟ್ಟನ್ನು. ‘ಎಂದಮಾತ್ರಕ್ಕೆ’, ‘ಹಾಗಿದ್ದರೂ’, ‘ಎನ್ನುವವರಿದ್ದಾರೆ’ ಎಂಬ ತಿರುವುಗಳ ಕೆಲಸ ಕನ್ನಡದಲ್ಲಿ ಗೊತ್ತಾದವಳಿಗೆ ಇಂಗ್ಲಿಷಿನಲ್ಲಿ ಅದೇ ತಿರುವು ಬಂದಾಗ ದಾರಿ ತಪ್ಪುವುದಿಲ್ಲ.

ಪರೀಕ್ಷೆ ಮಾಡುವವರಿಗೆ ಇದು ತಿಳಿಯದ ವಿಷಯವೂ ಅಲ್ಲ. ಸಿಸ್ಯಾಟ್ ಬಗ್ಗೆ ಎಷ್ಟೇ ಸಿಟ್ಟಿದ್ದರೂ ಅದರ ಒಂದು ಬಗೆಯ ಪ್ರಶ್ನೆಯನ್ನು ಮೆಚ್ಚಲೇಬೇಕು: ಈ ಗದ್ಯ ಯಾವ ಊಹೆಗಳನ್ನು ಆಧರಿಸಿದೆ? ಇದಕ್ಕೆ ಮೊದಲ ಸಾಲಿನಲ್ಲಿ ಉತ್ತರವಿಲ್ಲ, ಕೊನೆಯ ಸಾಲಿನಲ್ಲೂ ಇಲ್ಲ. ಲೇಖಕ ಹೇಳದೆ ಬಿಟ್ಟದ್ದನ್ನು ಹುಡುಕಬೇಕು. ಇಪ್ಪತ್ತೊಂದು ತುಂಬಿದ ಮೇಲೆ, ನೌಕರಿಯ ಬಾಗಿಲಲ್ಲಿ ಕೇಳುವ ಈ ಪ್ರಶ್ನೆಯನ್ನು ಹದಿಮೂರರಲ್ಲಿ ತರಗತಿಯಲ್ಲಿ ಯಾಕೆ ಕೇಳಬಾರದು?

ಕೋಚಿಂಗನ್ನು ನಿಯಮದಿಂದ ಹಿಡಿಯುತ್ತೇವೆ ಎಂದು ಕೇಂದ್ರ ಹೊರಟಿತು. ಹದಿನಾರು ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು ಎಂಬ ಮಾರ್ಗಸೂಚಿ 2024ರ ಜನವರಿಯಲ್ಲಿ ಬಂತು. ಮಾರ್ಗಸೂಚಿಯಿಂದ ಬೋರ್ಡಿನ ಬರಹ ಬದಲಾಗಬಹುದು. ಶಾಲೆ ಕೊಡದೆ ಉಳಿಸಿದ್ದನ್ನು ಮಾರುವವರು ಇನ್ನೊಂದು ಹೆಸರಿನಲ್ಲಿ ಬರುತ್ತಾರೆ. ಸರಕನ್ನು ಶಾಲೆಯೇ ಪುಕ್ಕಟೆ ಕೊಟ್ಟರೆ ಅಂಗಡಿ ತಾನಾಗಿ ಮುಚ್ಚುತ್ತದೆ.

ಸಿಬಿಎಸ್‌ಇ ಮಾಡಬೇಕಾದದ್ದು ಇದು. ಪ್ರತಿ ಗದ್ಯಭಾಗದ ಕೆಳಗೆ ಬರೆದು ಉತ್ತರಿಸುವ ಒಂದು ಪ್ರಶ್ನೆ ಇರಲಿ: ಲೇಖಕ ತನ್ನ ಯಾವ ಮಾತಿಗೆ ಆಧಾರ ಕೊಟ್ಟಿದ್ದಾನೆ, ಯಾವುದಕ್ಕೆ ಕೊಟ್ಟಿಲ್ಲ? ಒಪ್ಪದವನಿಗೂ ಅಂಕ ಸಿಗಲಿ, ಕಾರಣ ಕೊಟ್ಟರೆ. ತಿದ್ದುವುದು ಕಷ್ಟ ಎಂಬ ನೆಪ ಬೇಡ, ಪ್ರಬಂಧವನ್ನು ಇಂದಿಗೂ ಮನುಷ್ಯರೇ ತಿದ್ದುತ್ತಿದ್ದಾರೆ.

ಕರ್ನಾಟಕದ ಹೊಣೆ ಇದಕ್ಕಿಂತ ದೊಡ್ಡದು. 2022ರಲ್ಲಿ ಶುರುವಾದ ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಗದ್ಯಗ್ರಹಿಕೆಯನ್ನು ಪರೀಕ್ಷಿಸುತ್ತದೆ. ಕನ್ನಡದಲ್ಲಿ ಓದಿ ಅರ್ಥಮಾಡಿಕೊಳ್ಳುವುದಕ್ಕೂ ಈಗ ವಿಶ್ವವಿದ್ಯಾಲಯದ ಬಾಗಿಲಲ್ಲಿ ಬೆಲೆ ಇದೆ. ನಮ್ಮ ಕನ್ನಡ ಪತ್ರಿಕೆಗಳ ಅಪರಿಚಿತ ಗದ್ಯಭಾಗವೋ ಸಾಲನ್ನು ಎತ್ತಿ ಬರೆದರೆ ಮುಗಿಯುವಂಥದು. ಯಾರು, ಎಲ್ಲಿ, ಯಾವಾಗ ಎಂದಷ್ಟೇ ಕೇಳುವ ಪರೀಕ್ಷೆಗೆ ಕನ್ನಡ ಮೇಷ್ಟರು ಯಾಕೆ ವಾದದ ಕಟ್ಟು ಕಲಿಸಿಯಾರು? ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ವಾರಕ್ಕೊಂದು ಸಂಪಾದಕೀಯ, ಹಲಗೆಯ ಮೇಲೆ ಪೂರ್ವಪಕ್ಷ ಒಂದು ಕಡೆ, ಸಿದ್ಧಾಂತ ಒಂದು ಕಡೆ, ಉತ್ತರವಿಲ್ಲದೆ ಉಳಿದ ಆಕ್ಷೇಪ ಕೆಳಗೆ. ಇದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಇದರ ಮೇಲೆ ಒಂದೇ ಒಂದು ಪ್ರಶ್ನೆ ಬರುತ್ತದೆ ಎಂದು ಪರೀಕ್ಷಾ ಮಂಡಳಿ ಪ್ರಕಟಿಸಿದರೆ ಸಾಕು, ರಾಜ್ಯದ ಕನ್ನಡ ತರಗತಿಗಳು ಅದೇ ವರ್ಷ ಪಾಠದ ರೀತಿಯನ್ನು ಬದಲಿಸುತ್ತವೆ. ಆ ಒಂದು ಪ್ರಶ್ನೆಯನ್ನೂ ಕೇಳದ ಮಂಡಳಿಗೆ, ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಎಂದು ಪ್ರತಿ ಫಲಿತಾಂಶದ ದಿನ ಕೊರಗುವ ಹಕ್ಕಿಲ್ಲ.